ಹತ್ತು ದಿನಗಳ ವಿದೇಶ: ವ್ಯವಹಾರ ಪದವಿಯ ಕಿರು ರೆಸಿಡೆನ್ಸಿಗಳ ಬಗ್ಗೆ

(ಉಪನ್ಯಾಸದ ಬರಹ ರೂಪ)

ಅಂತರರಾಷ್ಟ್ರೀಯ ವ್ಯವಹಾರದ ಪದವಿಗೆ ಸೇರಬೇಕೆಂದು ನೀವು ಯಾವ ಸಂಸ್ಥೆಯ ಮಾಹಿತಿ ಪುಸ್ತಿಕೆಯನ್ನು ತೆರೆದರೂ ಒಂದು ಪುಟದಲ್ಲಿ ಗಾಜಿನ ಕಟ್ಟಡದ ಮುಂದೆ ನಗುತ್ತ ನಿಂತ ವಿದ್ಯಾರ್ಥಿಗಳ ಚಿತ್ರ ಇದ್ದೇ ಇರುತ್ತದೆ. ಅದರ ಕೆಳಗೆ 'ಗ್ಲೋಬಲ್ ರೆಸಿಡೆನ್ಸಿ' ಎಂಬ ತಲೆಬರಹ. ಈ ಸೆಮಿಸ್ಟರಿನಲ್ಲಿ ಒಂದು ದೇಶದಲ್ಲಿ ವಾರ, ಮುಂದಿನದರಲ್ಲಿ ಇನ್ನೊಂದು ದೇಶದಲ್ಲಿ ಹತ್ತು ದಿನ. ಇಂದು ನಾನು ಮಾತನಾಡಬೇಕೆಂದಿರುವುದು ಆ ಪುಟದ ಬಗ್ಗೆ. ಇಂಥ ತಂಡಗಳ ಜೊತೆ ಅಧ್ಯಾಪಕನಾಗಿ ಹೋಗಿ ಬರುವುದು ನನ್ನ ಕೆಲಸದ ಭಾಗವಾದ್ದರಿಂದ ಇದನ್ನು ಹೊಗಳುವವರೂ ತೆಗಳುವವರೂ ನನಗೆ ಚೆನ್ನಾಗಿ ಗೊತ್ತು. ಹೊಗಳುವವರು ಬದುಕೇ ಬದಲಾಯಿತು ಎನ್ನುತ್ತಾರೆ. ತೆಗಳುವವರು ಪ್ರವಾಸಕ್ಕೆ ಅಂಕ ಕೊಡುತ್ತಿದ್ದಾರೆ ಎನ್ನುತ್ತಾರೆ. ಎರಡನೆಯವರ ಮಾತಿನಲ್ಲೇ ಹೆಚ್ಚು ಹುರುಳಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೂ ನಾನು ರೆಸಿಡೆನ್ಸಿಯ ಪರವಾಗಿಯೇ ಮಾತನಾಡಲು ಬಂದಿದ್ದೇನೆ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದ ಅರಿಜೋನಾದ ಗ್ಲೆಂಡೇಲ್‌ನಲ್ಲಿ ಯುದ್ಧಕಾಲದ ಪೈಲಟ್ ತರಬೇತಿ ನೆಲೆಯೊಂದರಲ್ಲಿ ವಿದೇಶ ವ್ಯಾಪಾರಕ್ಕೆಂದೇ ಒಂದು ಶಾಲೆ ಶುರುವಾಯಿತು. ಈಗ ಥಂಡರ್‌ಬರ್ಡ್ ಎಂದು ಹೆಸರಾಗಿರುವುದು ಅದೇ. ವ್ಯಾಪಾರ, ಭಾಷೆ, ಆಯಾ ಪ್ರದೇಶದ ಅಧ್ಯಯನ, ಈ ಮೂರನ್ನೂ ಒಟ್ಟಿಗೆ ಕಲಿಸಬೇಕೆಂಬುದು ಅದರ ಹಟವಾಗಿತ್ತು. 1987ರಲ್ಲಿ, ವಿದ್ಯಾರ್ಥಿಗಳನ್ನು ಬೇರೆ ದೇಶದ ವಿಶ್ವವಿದ್ಯಾಲಯಗಳಿಗೆ ಓದಲು ಕಳುಹಿಸುವ ಯುರೋಪಿನ ಎರಾಸ್ಮಸ್ ಯೋಜನೆ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅಲ್ಲಿ ಲೆಕ್ಕವೆಲ್ಲ ತಿಂಗಳುಗಳದ್ದು: ಹೋದವರು ಅಲ್ಲಿಯೇ ಕೋಣೆ ಹಿಡಿದು, ಅಲ್ಲಿಯ ಪರೀಕ್ಷೆ ಬರೆದು ಬರಬೇಕು. ಆದರೆ ಕೆಲಸ ಬಿಟ್ಟು ಹೋಗಲಾಗದವರು, ಮನೆಯಲ್ಲಿ ಮಕ್ಕಳಿರುವವರು ಆರು ತಿಂಗಳು ಎಲ್ಲಿಗೆ ಹೋದಾರು? ಅವರಿಗಾಗಿ ಹುಟ್ಟಿದ್ದು ಕಿರು ರೆಸಿಡೆನ್ಸಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಶಾಲೆ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಪ್ಯಾರಿಸ್‌ನ ಎಚ್‌ಇಸಿ ಮೂರೂ ಸೇರಿ ನಡೆಸುವ ಟ್ರಿಯಮ್ ಎಂಬ ಎಕ್ಸಿಕ್ಯುಟಿವ್ ಎಂಬಿಎ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ತರಗತಿಗಳೇ ನಗರದಿಂದ ನಗರಕ್ಕೆ ಸಾಗುತ್ತವೆ, ನಡುವೆ ವಿದ್ಯಾರ್ಥಿಗಳು ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ. 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ತನ್ನ ಎಂಬಿಎ ಮೊದಲ ವರ್ಷದವರೆಲ್ಲರನ್ನೂ ತಂಡ ಕಟ್ಟಿ ಬೇರೆ ಬೇರೆ ದೇಶಗಳ ಕಂಪನಿಗಳಿಗೆ ಕಳುಹಿಸುವ ಪಾಠಕ್ರಮವನ್ನು ಜಾರಿಗೆ ತಂದ ಮೇಲಂತೂ ಇದು ಪೂರ್ಣಾವಧಿ ವಿದ್ಯಾರ್ಥಿಗಳಿಗೂ ಹಬ್ಬಿತು. ಅನುಕೂಲಕ್ಕಾಗಿ ಹುಟ್ಟಿದ್ದು ಆಕರ್ಷಣೆಯಾಯಿತು. ಪುಸ್ತಿಕೆಯ ಆ ಚಿತ್ರದ ವಂಶಾವಳಿ ಇಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಸ್ವೆರ್ರೆ ಲೈಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞರು ಫುಲ್‌ಬ್ರೈಟ್ ಎಂಬ ಶೈಕ್ಷಣಿಕ ವಿನಿಮಯ ಅನುದಾನದಲ್ಲಿ ಅಮೆರಿಕಕ್ಕೆ ಹೋಗಿ ಬಂದ ಇನ್ನೂರು ಚಿಲ್ಲರೆ ನಾರ್ವೆಯನ್ನರನ್ನು ಮಾತನಾಡಿಸಿ 1955ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆರು ತಿಂಗಳೊಳಗೆ ಮರಳಿದವರು ಆ ದೇಶದ ಜೊತೆ ಚೆನ್ನಾಗಿ ಹೊಂದಿಕೊಂಡಿದ್ದೆವು ಎಂದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹಾಗೆಯೇ ಅಂದರು. ಕಷ್ಟಪಟ್ಟವರು ನಡುವಿನವರು, ಅಂದರೆ ಆರರಿಂದ ಹದಿನೆಂಟು ತಿಂಗಳು ಇದ್ದವರು. ಮೊದಲು ಉಲ್ಲಾಸ, ಆಮೇಲೆ ಕುಸಿತ, ಆಮೇಲೆ ಚೇತರಿಕೆ ಎಂಬ ಈ ಬಾಗಿದ ಗೆರೆ ಎಲ್ಲರಿಗೂ ಅನ್ವಯಿಸುವುದಿಲ್ಲವೆಂದು ಮುಂದಿನ ಸಂಶೋಧಕರು ತಕರಾರು ತೆಗೆದಿದ್ದಾರೆ. ಅದು ನ್ಯಾಯವಾದ ತಕರಾರೇ. ಆದರೆ ನಮ್ಮ ವಿಷಯಕ್ಕೆ ಬೇಕಾದ ಒಂದು ಸಂಗತಿ ಅದರಲ್ಲಿ ಉಳಿದೇ ಇದೆ. ಹತ್ತು ದಿನಕ್ಕೆ ಹೋದವನು ಕುಸಿತದ ಹತ್ತಿರವೂ ಸುಳಿಯುವುದಿಲ್ಲ. ಮನೆ ಬಾಡಿಗೆಗೆ ಕೊಡುವವನ ಜೊತೆ ಜಗಳವಿಲ್ಲ, ತೆರಿಗೆ ಇಲಾಖೆಯ ಪತ್ರವಿಲ್ಲ, ಜ್ವರ ಬಂದಾಗ ಯಾವ ಆಸ್ಪತ್ರೆಗೆ ಹೋಗಬೇಕೆಂಬ ಗೊಂದಲವಿಲ್ಲ. ಬಸ್ಸು ಹೋಟೆಲಿನ ಬಾಗಿಲಿಗೆ ಬರುತ್ತದೆ. ಅವನು ಮರಳುವುದು ಉಲ್ಲಾಸದ ಹಂತದಲ್ಲೇ, ಆ ದೇಶ ತನಗೆ ಅರ್ಥವಾಯಿತೆಂಬ ಪೂರ್ತಿ ನಂಬಿಕೆಯೊಂದಿಗೆ. ಏನೂ ನೋಡದೆ ಮನೆಯಲ್ಲೇ ಕುಳಿತವನಿಗಿಂತ ಇವನು ವ್ಯಾಪಾರದಲ್ಲಿ ಹೆಚ್ಚು ಅಪಾಯಕಾರಿ. ಮನೆಯಲ್ಲಿದ್ದವನು ಕನಿಷ್ಠಪಕ್ಷ ಯಾರನ್ನಾದರೂ ಕೇಳುತ್ತಾನೆ.

ಹಾಗಾದರೆ ಹತ್ತು ದಿನದಲ್ಲಿ ಆಗುವುದಾದರೂ ಏನು? ಒಂದು ದೇಶವನ್ನು ಅರಿಯಲು ಅಷ್ಟು ಸಮಯ ಸಾಲದು. ಆದರೆ ಆ ದೇಶದ ಬಗ್ಗೆ ನಾವು ಹೊತ್ತುಕೊಂಡು ಹೋದ ಒಂದು ತಪ್ಪು ಊಹೆಯನ್ನು ಒಡೆಯಲು ಒಂದು ಬೆಳಗ್ಗೆಯೂ ಸಾಕು. ನನ್ನ ಮಟ್ಟಿಗೆ ರೆಸಿಡೆನ್ಸಿ ಇರುವುದೇ ಇದಕ್ಕಾಗಿ. ಇದಕ್ಕೊಂದು ಷರತ್ತಿದೆ: ಊಹೆಯನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟಿರಬೇಕು. ಬರೆಯದಿದ್ದರೆ ಮನಸ್ಸು ಬಹಳ ಚತುರ. ಕಂಡದ್ದನ್ನೆಲ್ಲ 'ನನಗೆ ಮೊದಲೇ ಗೊತ್ತಿತ್ತು' ಎಂದು ಜಮಾ ಮಾಡಿಕೊಂಡುಬಿಡುತ್ತದೆ.

ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೆದರ್‌ಲ್ಯಾಂಡ್ಸ್ ದೇಶದಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದ ಸಮೀಪ ಆಲ್ಸ್‌ಮೀರ್ ಎಂಬ ಊರಿದೆ. ಅಲ್ಲಿ ಹೂವಿನ ಹರಾಜು ಕಟ್ಟೆ ಇದೆ. ವಿಸ್ತಾರದಲ್ಲಿ ಜಗತ್ತಿನ ದೊಡ್ಡ ಕಟ್ಟಡಗಳಲ್ಲಿ ಅದೂ ಒಂದು. ಅದರ ಒಡೆತನ ರಾಯಲ್ ಫ್ಲೋರಾಹಾಲೆಂಡ್ ಎಂಬ ಬೆಳೆಗಾರರ ಸಹಕಾರ ಸಂಘದ್ದು. ವ್ಯವಹಾರ ಪದವಿಯ ತಂಡಗಳಿಗೆ ಇದು ಅಚ್ಚುಮೆಚ್ಚಿನ ತಾಣ. ಕಸುಬು ನಸುಕಿನಲ್ಲೇ ಶುರುವಾಗುವುದರಿಂದ ವಿದ್ಯಾರ್ಥಿಗಳು ಕಣ್ಣುಜ್ಜಿಕೊಳ್ಳುತ್ತ ಬರುತ್ತಾರೆ. ಹೊರಡುವ ಮೊದಲು ಈ ಭೇಟಿಯ ಬಗ್ಗೆ ಊಹೆ ಬರೆಯಿರಿ ಎಂದರೆ ಸಾಮಾನ್ಯವಾಗಿ ಬರುವುದು ಮೂರು. ಹರಾಜೆಂದರೆ ಕೂಗಿದಂತೆ ಬೆಲೆ ಏರುತ್ತದೆ. ಮಾರಾಟವಾಗುವುದು ಆ ದೇಶದಲ್ಲೇ ಬೆಳೆದ ಹೂವು. ಕೊಳ್ಳುವವರು ದೊಡ್ಡ ಸಭಾಂಗಣದಲ್ಲಿ ಸಾಲಾಗಿ ಕುಳಿತಿರುತ್ತಾರೆ.

ಒಳಗೆ ಹೋದವರು ಎತ್ತರದ ಕಾಲುಸೇತುವೆಯ ಮೇಲೆ ನಡೆಯುತ್ತಾರೆ. ಕೆಳಗೆ ಸಣ್ಣ ವಿದ್ಯುತ್ ಎಳೆಗಾಡಿಗಳು ಹೂವಿನ ಟ್ರಾಲಿಗಳ ಸರಪಳಿಯನ್ನು ಎಳೆದುಕೊಂಡು ಒಂದಕ್ಕೊಂದು ತಾಗದಂತೆ ನುಸುಳುತ್ತಿರುತ್ತವೆ. ನೋಡುತ್ತ ನಿಂತರೆ ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಹರಾಜಿನ ಗಡಿಯಾರದಲ್ಲಿ ಬೆಲೆ ಮೇಲಿನಿಂದ ಶುರುವಾಗಿ ಸರಸರನೆ ಕೆಳಗೆ ಇಳಿಯುತ್ತದೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಮಾಲು ಅವರದು. ಒಂದು ಲಾಟು ಮುಗಿಯಲು ಕೆಲವೇ ಸೆಕೆಂಡು. ಮೊದಲ ಊಹೆ ಅಲ್ಲೇ ಬಿತ್ತು. ಪೆಟ್ಟಿಗೆಗಳ ಮೇಲಿನ ಚೀಟಿ ಓದಿದವರಿಗೆ ಗುಲಾಬಿ ಬಂದಿರುವುದು ಕೀನ್ಯಾದಿಂದ, ಇಥಿಯೋಪಿಯಾದಿಂದ ಎಂದು ಕಾಣುತ್ತದೆ. ಎರಡನೆಯದೂ ಬಿತ್ತು. ಮೂರನೆಯದು ಬೀಳುವುದು ಇನ್ನೂ ಸ್ವಾರಸ್ಯಕರವಾಗಿ. ಇಂದು ಕೊಳ್ಳುವವರಲ್ಲಿ ಬಹುಪಾಲು ಮಂದಿ ಸಭಾಂಗಣಕ್ಕೆ ಬರುವುದೇ ಇಲ್ಲ. ತಮ್ಮ ಕಚೇರಿಯಲ್ಲೋ ಮನೆಯಲ್ಲೋ ಕಂಪ್ಯೂಟರ್ ಮುಂದೆ ಕುಳಿತು ಗುಂಡಿ ಒತ್ತುತ್ತಾರೆ. ಅದರ ಮೇಲೆ, ಸಂಘದ ಮೂಲಕ ನಡೆಯುವ ವಹಿವಾಟಿನಲ್ಲಿ ಗಡಿಯಾರದ ಹರಾಜಿಗಿಂತ ಬೆಳೆಗಾರರಿಗೂ ಖರೀದಿದಾರರಿಗೂ ನೇರವಾಗಿ ಕುದುರುವ ಮಾರಾಟದ ಪಾಲೇ ಈಗ ದೊಡ್ಡದು. ಅಂದರೆ ನೋಡಲು ಬಂದವರಿಗೆ ಕಾಣುವುದು ಸರಕಿನ ಓಡಾಟ ಮಾತ್ರ. ಬೆಲೆ ನಿಗದಿಯಾಗುವ ಜಾಗ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿಂದ ಪಾಠ ಶುರುವಾಗುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಸೇತುವೆಯ ಕಂಬಿಗೆ ಒರಗಿಕೊಂಡು ಕೇಳಿದಳು: "ಸರ್, ಬೆಲೆ ಇಳಿಯುತ್ತಲೇ ಇದ್ದರೆ ಎಲ್ಲರೂ ಕಾಯಬಹುದಲ್ಲ, ಯಾಕೆ ಕಾಯುವುದಿಲ್ಲ?" ಪಕ್ಕದವನು ಉತ್ತರ ಹೇಳಿದ: ಕಾದರೆ ಅಗ್ಗವಾಗುತ್ತದೆ, ಆದರೆ ಅಷ್ಟರಲ್ಲಿ ಇನ್ನೊಬ್ಬ ಒತ್ತಿಬಿಟ್ಟರೆ ಬರಿಗೈ. ಪ್ರತಿಯೊಬ್ಬನೂ ತನ್ನ ಆಸೆಯನ್ನೂ ಪಕ್ಕದವನ ಆತುರವನ್ನೂ ಒಟ್ಟಿಗೆ ತೂಗಬೇಕು. ಮತ್ತೊಬ್ಬಳು ಸೇರಿಸಿದಳು: ಮಾಲು ಬಾಡುವಂಥದ್ದು, ಕೂಗಿ ಕೂಗಿ ಬೆಲೆ ಏರಿಸುತ್ತ ಕುಳಿತರೆ ಮಧ್ಯಾಹ್ನವಾಗುತ್ತದೆ, ಒಂದೇ ಒತ್ತಿಗೆ ಮುಗಿಯುವ ಹರಾಜು ಹೂವಿಗೆ ಹೇಳಿ ಮಾಡಿಸಿದ್ದು. ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಬೆಲೆ ಕಂಪ್ಯೂಟರಿನಲ್ಲೇ ನಿಗದಿಯಾಗುವುದಾದರೆ ಆಫ್ರಿಕಾದ ಹೂವು ಇಷ್ಟು ದೂರ ಇಲ್ಲಿಗೇ ಯಾಕೆ ಬರಬೇಕು? ಗುಣಮಟ್ಟದ ತಪಾಸಣೆ, ಸಣ್ಣ ಸಣ್ಣ ಲಾಟುಗಳನ್ನು ವಿಂಗಡಿಸಿ ಯುರೋಪಿನ ನಗರಗಳಿಗೆ ಮರುದಿನವೇ ತಲುಪಿಸುವ ಲಾರಿ ಜಾಲ, ಹಣ ಖಂಡಿತ ಬರುತ್ತದೆಂಬ ಸಂಘದ ಭರವಸೆ, ಹೀಗೆ ಒಂದೊಂದಾಗಿ ಅವರೇ ಹುಡುಕಿದರು. ಮಾರುಕಟ್ಟೆ ಎಂದರೆ ಬೆಲೆ ಮಾತ್ರ ಎಂದುಕೊಂಡು ಬಂದವರು ಅದರ ಸುತ್ತಲಿನ ಏರ್ಪಾಡನ್ನು ಕಂಡರು. ಇದನ್ನು ತರಗತಿಯಲ್ಲಿ ಹೇಳಿಕೊಡಬಹುದಿತ್ತೇ? ಹೇಳಬಹುದಿತ್ತು, ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯ ಮರುದಿನ ಮರೆಯುತ್ತಿದ್ದರು. ತನ್ನದೇ ಕೈಬರಹದ ಊಹೆ ತನ್ನ ಕಣ್ಣೆದುರೇ ಸುಳ್ಳಾದರೆ ಮರೆಯುವುದು ಕಷ್ಟ.

ಅದೇ ದೇಶದ ರಾಟರ್‌ಡ್ಯಾಮ್ ಬಂದರಿಗೂ ತಂಡಗಳು ಹೋಗುತ್ತವೆ. ದೋಣಿಯಲ್ಲಿ ಕುಳಿತು ಕ್ರೇನುಗಳ ಫೋಟೊ ತೆಗೆಯುತ್ತಾರೆ, ಚಾಲಕನಿಲ್ಲದೆ ಕಂಟೇನರ್ ಹೊತ್ತು ಓಡುವ ವಾಹನಗಳನ್ನು ನೋಡಿ ಬೆರಗಾಗುತ್ತಾರೆ. ಬೆರಗು ತಪ್ಪಲ್ಲ. ಆದರೆ ನನ್ನನ್ನು ಕೇಳಿದರೆ ಆ ಊರಿನಲ್ಲಿ ಕಲಿಯಬೇಕಾದದ್ದು ಇರುವುದು ಸರಕು ಸಾಗಣೆ ಏಜೆಂಟರ ಮೇಜಿನ ಮೇಲೆ. ಅಲ್ಲಿ ಒಂದು ಸಾಗಣೆಯ ಕಾಗದಗಳ ಕಟ್ಟನ್ನು ವಿದ್ಯಾರ್ಥಿಗಳ ಮುಂದೆ ಇಡಿ: ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ವಿಮೆ, ಮೂರು ಮೂಲ ಪ್ರತಿಗಳ ಬಿಲ್ ಆಫ್ ಲೇಡಿಂಗ್ (ಸರಕು ಹಡಗೇರಿತೆಂದು ಹಡಗು ಕಂಪನಿ ಕೊಡುವ ಪತ್ರ), ಜೊತೆಗೆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ಕಾಗದಗಳು ಸರಿಯಿದ್ದರೆ ಮಾರಿದವನಿಗೆ ಹಣ ಕೊಡುತ್ತೇವೆಂಬ ಭರವಸೆ ಪತ್ರ). ಸರಕು ಹಡಗೇರಬೇಕಾದ ಕೊನೆಯ ದಿನ ಲೆಟರ್ ಆಫ್ ಕ್ರೆಡಿಟ್‌ನಲ್ಲಿದೆ. ಬಿಲ್ ಆಫ್ ಲೇಡಿಂಗ್‌ನಲ್ಲಿರುವುದು ಅದರ ಮರುದಿನದ ತಾರೀಖು. ಸರಕು ಚೆನ್ನಾಗಿದೆ, ಹಡಗು ಬಂದಿದೆ, ಕೊಂಡವನಿಗೆ ಬೇಕಾಗಿಯೂ ಇದೆ. ಹಣ ಸಿಗುತ್ತದೆಯೇ? ಬಹುತೇಕರು ಸಿಗುತ್ತದೆ ಎಂದೇ ಹೇಳುತ್ತಾರೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಾವಳಿ, 2007ರಿಂದ ಜಾರಿಯಲ್ಲಿರುವ ಯುಸಿಪಿ 600, ಬೇರೆಯೇ ಹೇಳುತ್ತದೆ. ಬ್ಯಾಂಕು ನೋಡುವುದು ಕಾಗದವನ್ನು ಮಾತ್ರ, ಸರಕನ್ನಲ್ಲ. ಪರಿಶೀಲನೆಗೆ ಅದಕ್ಕೆ ಹೆಚ್ಚೆಂದರೆ ಐದು ಬ್ಯಾಂಕ್ ದಿನಗಳ ಅವಕಾಶ. ತಾರೀಖು ಹೊಂದದಿದ್ದರೆ ಪಾವತಿ ನಿರಾಕರಿಸಬಹುದು. ಆಮೇಲೆ ಕೊಂಡವನು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾವಿರಾರು ಕಂಟೇನರುಗಳ ಬಂದರಿನಲ್ಲಿ ಒಂದು ತಾರೀಖಿನ ಬೆಲೆ ಎಷ್ಟೆಂದು ಆ ಮೇಜಿನ ಮುಂದೆ ಕುಳಿತವರಿಗೆ ತಿಳಿಯುತ್ತದೆ. ದೋಣಿಯಲ್ಲಿ ತಿಳಿಯುವುದಿಲ್ಲ.

ಕಂಪನಿ ಭೇಟಿಗಳ ಬಗ್ಗೆ ನನ್ನ ಅಸಹನೆಯನ್ನು ಮುಚ್ಚಿಡುವುದಿಲ್ಲ. ಸ್ವಾಗತ ಕೋಣೆ, ಕಾಫಿ, ಸಂಪರ್ಕಾಧಿಕಾರಿಯ ನಲವತ್ತು ಸ್ಲೈಡುಗಳು, ಕೊನೆಗೆ ಗುಂಪು ಫೋಟೊ. ಸ್ಲೈಡಿನಲ್ಲಿ ಇರುವುದೆಲ್ಲ ಕಂಪನಿಯ ಜಾಲತಾಣದಲ್ಲೂ ಇರುತ್ತದೆ. ಅಷ್ಟು ದೂರ ಹೋಗಿ ಕೇಳಬೇಕಾದದ್ದು ಅಲ್ಲಿಲ್ಲದ ಸಂಗತಿಗಳನ್ನು: ಯಾವ ನಿರ್ಧಾರವನ್ನು ನೀವು ಹಿಂದಕ್ಕೆ ತೆಗೆದುಕೊಂಡಿರಿ, ಯಾವ ದೇಶದಿಂದ ಹೊರಬಂದಿರಿ, ಯಾವ ಸರಬರಾಜುದಾರನನ್ನು ಬಿಡಲು ಮನಸ್ಸಿದ್ದರೂ ಬಿಡಲಾಗುತ್ತಿಲ್ಲ? ಸ್ಪೇನಿನ ಬಾಸ್ಕ್ ಸೀಮೆಯ ಮೊಂಡ್ರಾಗೊನ್‌ಗೆ ಜಗತ್ತಿನ ಎಲ್ಲೆಡೆಯಿಂದ ವ್ಯವಹಾರ ಶಾಲೆಗಳು ಯಾತ್ರೆ ಹೋಗುತ್ತವೆ. ಹೊಸೆ ಮರಿಯ ಅರಿಸ್ಮೆಂಡಿಅರಿಯೆಟಾ ಎಂಬ ಪಾದ್ರಿಯ ಪ್ರೇರಣೆಯಿಂದ 1956ರಲ್ಲಿ ಸಣ್ಣ ಕಾರ್ಖಾನೆಯಾಗಿ ಶುರುವಾಗಿ, ಕಾರ್ಮಿಕರೇ ಒಡೆಯರಾದ, ಸದಸ್ಯನಿಗೊಂದು ಮತವಿರುವ ಸಹಕಾರ ಸಂಘಗಳ ದೊಡ್ಡ ಒಕ್ಕೂಟವಾಗಿ ಬೆಳೆದದ್ದು ಅದು. ಕೇಳಿ ಮೆಚ್ಚುವುದು ಸುಲಭ. ಆದರೆ ಆ ಒಕ್ಕೂಟದ ಹೆಸರಾಂತ ಗೃಹೋಪಕರಣ ಸಂಸ್ಥೆ ಫಾಗೊರ್ 2013ರಲ್ಲಿ ದಿವಾಳಿಯಾಯಿತು. ಆಗ ಸದಸ್ಯ ಕಾರ್ಮಿಕರಲ್ಲಿ ಅನೇಕರಿಗೆ ಒಕ್ಕೂಟದ ಬೇರೆ ಸಂಘಗಳಲ್ಲಿ ಕೆಲಸ ಸಿಕ್ಕಿತು. ಸದಸ್ಯರಲ್ಲದ ಉದ್ಯೋಗಿಗಳ ಪಾಡು ಬೇರೆ. ಒಡೆತನ ಯಾರನ್ನು ಕಾಯುತ್ತದೆ, ಯಾರನ್ನು ಕಾಯುವುದಿಲ್ಲ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಯಶಸ್ಸಿನ ಕಥೆ ಕೇಳಿ ಬಸ್ ಹತ್ತಿದವರು ಆ ಪ್ರಶ್ನೆಯ ಪಕ್ಕದಲ್ಲೇ ಹಾದುಹೋಗಿರುತ್ತಾರೆ.

ಇನ್ನು ಜನರ ವಿಷಯ. ಬೇರೆ ಬೇರೆ ಗುಂಪಿನವರು ಒಂದೆಡೆ ಸೇರಿದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ವಾದಿಸಿದ್ದರು. ಸೇರಿದವರಿಗೆ ಸಮಾನ ಸ್ಥಾನವಿರಬೇಕು, ಗುರಿ ಒಂದೇ ಆಗಿರಬೇಕು, ಅದನ್ನು ಮುಟ್ಟಲು ಒಬ್ಬರಿಗೊಬ್ಬರು ನೆರವಾಗಬೇಕು, ಇದೆಲ್ಲಕ್ಕೂ ಸಂಸ್ಥೆಯ ಬೆಂಬಲವಿರಬೇಕು. ಮಾಮೂಲಿ ರೆಸಿಡೆನ್ಸಿಯನ್ನು ಈ ನಾಲ್ಕರ ಮುಂದೆ ಇಟ್ಟು ನೋಡಿದರೆ ಮೊದಲನೆಯದರಲ್ಲೇ ಎಡವುತ್ತದೆ. ಬಂದವರು ಪ್ರೇಕ್ಷಕರು, ಅಲ್ಲಿಯವರು ಪ್ರದರ್ಶನದ ವಸ್ತು. ಬಂದವರ ಕೈಯಲ್ಲಿ ಕ್ಯಾಮೆರಾ, ಅಲ್ಲಿಯವರ ಕೈಯಲ್ಲಿ ಸ್ವಾಗತದ ಹೂಗುಚ್ಛ. ಇದನ್ನು ಸರಿಪಡಿಸಲು ನಾನು ಕಂಡ ಒಂದೇ ದಾರಿ, ಆತಿಥೇಯ ಸಂಸ್ಥೆಯ ವಿದ್ಯಾರ್ಥಿಗಳನ್ನೂ ಸೇರಿಸಿ ತಂಡ ಕಟ್ಟುವುದು, ಇಡೀ ತಂಡಕ್ಕೆ ಒಂದೇ ವರದಿ, ಒಂದೇ ಅಂಕ ಕೊಡುವುದು. ಅಂಕ ಒಂದೇ ಆದಾಗ ಸೌಜನ್ಯ ಎರಡನೆಯ ದಿನಕ್ಕೇ ಮುಗಿಯುತ್ತದೆ, ಕೆಲಸ ಶುರುವಾಗುತ್ತದೆ.

ಅಂಥ ತಂಡವೊಂದರ ರಾತ್ರಿ ಕೆಲಸವನ್ನು ನಾನು ಪಕ್ಕದ ಮೇಜಿನಿಂದ ನೋಡುತ್ತ ಕುಳಿತಿದ್ದೆ. ಒಂದು ಸಣ್ಣ ಕಂಪನಿ ಯಾವ ಹೊಸ ಮಾರುಕಟ್ಟೆಗೆ ಮೊದಲು ಹೋಗಬೇಕೆಂದು ಬೆಳಗ್ಗೆ ಒಂಬತ್ತಕ್ಕೆ ಸಲಹೆ ಕೊಡಬೇಕಿತ್ತು. ಒಬ್ಬಾಕೆ ವರದಿಯನ್ನು ನಾಲ್ಕು ಭಾಗ ಮಾಡಿ ಹಂಚಿಕೊಂಡು ಬೆಳಗ್ಗೆ ಜೋಡಿಸಿಬಿಡೋಣ ಎಂದಳು. ಇನ್ನೊಬ್ಬನಿಗೆ ಅದು ವರದಿಯೇ ಅಲ್ಲ. ಮೊದಲು ನಿರ್ಧಾರಕ್ಕೆ ಬರಬೇಕು, ಆಮೇಲೆ ಬರವಣಿಗೆ ಎಂದು ಪಟ್ಟು ಹಿಡಿದ. ಮೂರನೆಯವಳು ಇಬ್ಬರಿಗೂ ತಲೆಯಾಡಿಸಿದಳು. ನಾಲ್ಕನೆಯವನು ಮಾತೇ ಆಡಲಿಲ್ಲ; ಅಂಕಿಗಳ ಹಾಳೆಯನ್ನು ಹಿಂದೆಮುಂದೆ ಸರಿಸುತ್ತ ಕುಳಿತಿದ್ದ. ಅವನು ಸುಮ್ಮನಿದ್ದದ್ದನ್ನು ಉಳಿದವರು ಒಪ್ಪಿಗೆಯೆಂದು ತಿಳಿದು ಮಲಗಲು ಹೋದರು. ಬೆಳಗ್ಗೆ ಏಳಕ್ಕೆ ಅವನು ಸಾಗಣೆ ವೆಚ್ಚವನ್ನು ಪೂರ್ತಿ ಬೇರೆಯಾಗಿ ಲೆಕ್ಕ ಹಾಕಿ ತಂದ. ಅದರ ಪ್ರಕಾರ ಅವರು ಆರಿಸಿದ್ದ ಮಾರುಕಟ್ಟೆ ಮೂರನೆಯ ಸ್ಥಾನಕ್ಕೆ ಇಳಿದಿತ್ತು. ರಾತ್ರಿಯೇ ಯಾಕೆ ಹೇಳಲಿಲ್ಲ ಎಂದು ಅವರು ರೇಗಿದರು. ನೀವು ಕೇಳಲಿಲ್ಲ, ಲೆಕ್ಕವೂ ಮುಗಿದಿರಲಿಲ್ಲ, ಮುಗಿಯದ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂದ ಅವನು. ಎರಡು ಗಂಟೆಯಲ್ಲಿ ವರದಿಯನ್ನು ತಿರುಗಿಸಿ ಬರೆದರು. ಚೆನ್ನಾಗಿಯೇನೂ ಬರಲಿಲ್ಲ. ಆದರೆ ಮುಂದಿನ ಚರ್ಚೆಗಳಲ್ಲಿ ಅದೇ ತಂಡ ನಿರ್ಧಾರಕ್ಕೆ ಮೊದಲು ಮೇಜಿನ ಸುತ್ತ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳತೊಡಗಿತು.

ಅವರು ಯಾವ ಯಾವ ದೇಶದವರೆಂದು ನಾನು ಬೇಕೆಂದೇ ಹೇಳುತ್ತಿಲ್ಲ. ಹೇಳಿದ ಕೂಡಲೇ ನೀವು 'ಆ ದೇಶದವರೇ ಹಾಗೆ' ಎನ್ನುತ್ತೀರಿ. ವಿದ್ಯಾರ್ಥಿಗಳು ಹೊರಡುವಾಗ, ದೇಶ ದೇಶದ ಸಂಸ್ಕೃತಿಯನ್ನು ಅಂಕಿಗಳಲ್ಲಿ ಅಳೆದ ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಅವರ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅಧಿಕಾರದ ಅಂತರ (ಮೇಲು ಕೀಳಿನ ವ್ಯತ್ಯಾಸವನ್ನು ಜನ ಒಪ್ಪಿಕೊಳ್ಳುವ ಮಟ್ಟ) ಇಷ್ಟು, ವ್ಯಕ್ತಿವಾದ ಇಷ್ಟು. ಐಬಿಎಂ ನೌಕರರಲ್ಲಿ 1960ರ ದಶಕದ ಕೊನೆಯಿಂದ 70ರ ದಶಕದ ಆರಂಭದವರೆಗೆ ನಡೆದ ಸಮೀಕ್ಷೆಗಳ ಆಧಾರದ ಮೇಲೆ ಮೊದಲು ಕಟ್ಟಿದ ಅಂಕಿಗಳವು. ದೇಶದ ಸರಾಸರಿಯನ್ನು ಒಬ್ಬ ವ್ಯಕ್ತಿಯ ಮೇಲೆ ಹೇರಬಾರದೆಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ಎಚ್ಚರಿಕೆ ಯಾರಿಗೂ ನೆನಪಿರುವುದಿಲ್ಲ, ಪಟ್ಟಿ ಎಲ್ಲರಿಗೂ ನೆನಪಿರುತ್ತದೆ.

ವೀಸಾ ಬಗ್ಗೆ ಹೇಳಲೇಬೇಕಾದದ್ದು ಸ್ವಲ್ಪ. ಒಳಗಡಿಗಳಲ್ಲಿ ತಪಾಸಣೆಯಿಲ್ಲದೆ ಓಡಾಡಲು ಒಪ್ಪಿದ ಯುರೋಪಿನ ದೇಶಗಳ ಷೆಂಗೆನ್ ವಲಯಕ್ಕೆ ಅಲ್ಪಾವಧಿಗೆ ಹೋಗುವವರಿಗೆ ಯಾವುದೇ 180 ದಿನಗಳಲ್ಲಿ 90 ದಿನಗಳ ಮಿತಿ ಇದೆ. ಪ್ರತಿ ದಿನವೂ ಹಿಂದಿನ 180 ದಿನಗಳನ್ನು ನೋಡಿ ಲೆಕ್ಕ ಹಾಕಬೇಕು. ಒಂದೇ ರೆಸಿಡೆನ್ಸಿಗೆ ಇದು ತೊಂದರೆಯಲ್ಲ. ನಡುವೆ ಕಚೇರಿ ಕೆಲಸಕ್ಕೂ ಯುರೋಪಿಗೆ ಓಡಾಡುವವರು ಎಚ್ಚರದಿಂದಿರಬೇಕು. ವೀಸಾ ಬೇಕಾದವರಿಗೆ ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆಯೂ ಬೇಕು. ಬ್ರಿಟನ್ ಸಂದರ್ಶಕ ವೀಸಾದಲ್ಲೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳವರೆಗೆ ಓದಲು ಬಿಡುತ್ತದೆ. ಅಮೆರಿಕದ ಸಂದರ್ಶಕ ವೀಸಾದಲ್ಲಿ ಪದವಿಯ ಕ್ರೆಡಿಟ್ ಸಿಗುವ ಓದಿಗೆ ಅವಕಾಶವಿಲ್ಲ. ಹಾಗಾಗಿ 'ಒಂದು ವಾರ ತಾನೇ' ಎಂದು ಟಿಕೆಟ್ ಮೊದಲು, ವಿಚಾರಣೆ ಆಮೇಲೆ ಎಂಬ ಕ್ರಮ ಬೇಡ. ಒಂದೇ ತರಗತಿಯಲ್ಲಿ ಒಬ್ಬ ಪಾಸ್‌ಪೋರ್ಟ್ ತೋರಿಸಿ ಒಳಗೆ ನಡೆಯುತ್ತಾನೆ, ಇನ್ನೊಬ್ಬ ಬ್ಯಾಂಕ್ ವಿವರ, ಬೆರಳಚ್ಚು, ಆಹ್ವಾನ ಪತ್ರ ಹಿಡಿದು ವಾರಗಟ್ಟಲೆ ಕಾಯುತ್ತಾನೆ. ಜನರ ಓಡಾಟಕ್ಕೂ ಸರಕಿನ ಓಡಾಟಕ್ಕೂ ಗಡಿಗಳು ಎಷ್ಟು ಬೇರೆಯಾಗಿ ವರ್ತಿಸುತ್ತವೆ ಎಂಬ ಪಾಠ ಅಲ್ಲಿಯೇ ಇದೆ. ಅದನ್ನು ಅಧ್ಯಾಪಕರು ತರಗತಿಯಲ್ಲಿ ಎತ್ತದೆ ಆಡಳಿತ ಕಚೇರಿಯ ತಲೆನೋವೆಂದು ಬಿಟ್ಟುಬಿಡುವುದು ನನಗೆ ಸೋಜಿಗ.

ಈಗ ಲೆಕ್ಕ. ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆ 2021ರಿಂದ ಕಿರು ಓಡಾಟಕ್ಕೂ ಬಾಗಿಲು ತೆರೆಯಿತು: ಐದರಿಂದ ಮೂವತ್ತು ದಿನಗಳ ಪ್ರತ್ಯಕ್ಷ ವಾಸ, ಅದರ ಜೊತೆ ಕಡ್ಡಾಯವಾಗಿ ಆನ್‌ಲೈನ್ ಭಾಗ, ಕನಿಷ್ಠ ಮೂರು ಕ್ರೆಡಿಟ್. ಅಲ್ಲಿಯ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ದುಡಿಮೆ. ಮೂರು ಕ್ರೆಡಿಟ್‌ಗೆ 75ರಿಂದ 90 ಗಂಟೆ. ಐದು ದಿನ, ದಿನಕ್ಕೆ ಎಂಟು ಗಂಟೆ ದುಡಿದರೂ ಆಗುವುದು 40. ಉಳಿದದ್ದು ಎಲ್ಲಿಂದ ಬರಬೇಕು? ಹೋಗುವ ಮೊದಲು ಮತ್ತು ಬಂದ ಮೇಲೆ. ನಿಯಮ ಮಾಡಿದವರಿಗೆ ಈ ಅಂದಾಜು ಸರಿಯಾಗಿಯೇ ಇತ್ತು. ಇಂಥ ಐದು ದಿನಗಳ ರೆಸಿಡೆನ್ಸಿಯ ಸುಮಾರು ಅರ್ಧ ಭಾಗ ವಿದೇಶದಲ್ಲಿ ನಡೆಯುವುದೇ ಇಲ್ಲ. ಆದರೆ ಹೆಚ್ಚಿನ ಕಡೆ ಹೋಗುವ ಮೊದಲು ನಡೆಯುವುದು ಸಾಮಾನು ಪಟ್ಟಿಯ ಸಭೆ, ಬಂದ ಮೇಲೆ ನಡೆಯುವುದು ಫೋಟೊ ಹಂಚಿಕೆ.

ಊಹೆ ಬರೆಯುವುದಕ್ಕೂ ಅಭ್ಯಾಸ ಬೇಕು. 'ಆ ದೇಶದ ಜನ ಶ್ರಮಜೀವಿಗಳು' ಎಂದು ಬರೆದರೆ ಅದನ್ನು ಒಡೆಯಲೂ ಆಗದು, ಉಳಿಸಲೂ ಆಗದು. 'ಜರ್ಮನಿಯಂಥ ಮುಂದುವರಿದ ದೇಶದ ಸಣ್ಣ ಅಂಗಡಿಗಳಲ್ಲಿ ನಗದು ಬಹುತೇಕ ಕಾಣೆಯಾಗಿರುತ್ತದೆ' ಎಂದು ಬರೆದರೆ ಅದು ಪರೀಕ್ಷೆಗೆ ನಿಲ್ಲುವ ಮಾತು. ಬರ್ಲಿನ್‌ನಲ್ಲಿ ಒಂದು ಸಂಜೆ ಹತ್ತು ಅಂಗಡಿಗಳ ಗಲ್ಲಾ ಪಕ್ಕದಲ್ಲಿ ನಿಂತರೆ ಗೊತ್ತಾಗುತ್ತದೆ. ಅಲ್ಲಿಯ ಕೇಂದ್ರ ಬ್ಯಾಂಕ್ ಆದ ಬುಂಡೆಸ್‌ಬ್ಯಾಂಕಿನ 2023ರ ಸಮೀಕ್ಷೆಯಲ್ಲೂ ಪಾವತಿಗಳ ಸಂಖ್ಯೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನಗದಿನದ್ದೇ. ಹಾಗಾದರೆ ಯಾಕೆ? ಖಾಸಗಿತನದ ಕಾಳಜಿಯೇ, ಅಂಗಡಿಯವನು ಕಟ್ಟಬೇಕಾದ ಕಾರ್ಡ್ ಶುಲ್ಕವೇ, ಖರ್ಚು ಕೈಮೀರದಿರಲೆಂಬ ಅಭ್ಯಾಸವೇ? ಆ ಹತ್ತು ಅಂಗಡಿಗಳಲ್ಲಿ ಮೂರು ಬಗೆಯ ಉತ್ತರ ಸಿಗುತ್ತದೆ. ಪಾವತಿ ಆ್ಯಪ್ ಮಾರಲು ಹೊರಟ ಕಂಪನಿಗೆ ಆ ಮೂರು ಉತ್ತರಗಳ ನಡುವಿನ ವ್ಯತ್ಯಾಸದಲ್ಲೇ ಲಾಭ ನಷ್ಟ ಎರಡೂ ಇವೆ. ನನ್ನ ಮೌಲ್ಯಮಾಪನದಲ್ಲಿ ಊಹೆ ಸರಿಯಾಗಿದ್ದದ್ದಕ್ಕೆ ಅಂಕವಿಲ್ಲ. ಊಹೆ ಎಲ್ಲಿ ಮುರಿಯಿತು, ಯಾವ ಸಾಕ್ಷ್ಯದಿಂದ ಮುರಿಯಿತು, ಅದರ ಜಾಗದಲ್ಲಿ ಈಗ ಏನನ್ನು ಇಟ್ಟಿದ್ದೀರಿ ಎಂಬುದಕ್ಕೆ ಅಂಕ. ಎಲ್ಲ ಊಹೆಗಳೂ ನಿಜವಾದವೆಂದು ಬರೆದವರನ್ನು ಕರೆದು ಕೂರಿಸಿ ಮಾತನಾಡುತ್ತೇನೆ.

ಮಾತು ಮುಗಿದ ಮೇಲೆ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಮುಖ್ಯವಾದವನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಸೆಮಿಸ್ಟರ್ ಪೂರ್ತಿ ವಿದೇಶದಲ್ಲಿ ಓದುವ ಅವಕಾಶವಿದ್ದರೆ ಯಾವುದನ್ನು ಆರಿಸಬೇಕು ಎಂದು ಒಬ್ಬರು ಕೇಳಿದರು. ಬಿಡುವು, ಹಣ ಎರಡೂ ಇದ್ದರೆ ಸೆಮಿಸ್ಟರನ್ನೇ ಆರಿಸಿ ಎಂದೆ. ರೆಸಿಡೆನ್ಸಿ ಅದಕ್ಕೆ ಬದಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲಸ, ಮಕ್ಕಳು, ವಯಸ್ಸಾದ ತಂದೆ ತಾಯಿ ಇರುವವರಿಗೆ ಆಯ್ಕೆ ಇರುವುದು ಸೆಮಿಸ್ಟರಿಗೂ ರೆಸಿಡೆನ್ಸಿಗೂ ನಡುವೆ ಅಲ್ಲ, ರೆಸಿಡೆನ್ಸಿಗೂ ಏನೂ ಇಲ್ಲದಿರುವುದಕ್ಕೂ ನಡುವೆ. ಅವರಿಗಾಗಿಯೇ ಅದನ್ನು ಚೆನ್ನಾಗಿ ನಡೆಸಬೇಕು.

ಇಷ್ಟು ವಿಮಾನ ಹಾರಾಟ ಬೇಕೇ, ಆನ್‌ಲೈನ್‌ನಲ್ಲಿ ಆಗದೇ ಎಂದು ಒಬ್ಬ ಯುವತಿ ಕೇಳಿದರು. ಒಂದು ಭಾಗ ಖಂಡಿತ ಆಗುತ್ತದೆ. ಎಕ್ಸ್-ಕಲ್ಚರ್ ಎಂಬ ಯೋಜನೆ 2010ರಿಂದ ಹಲವು ದೇಶಗಳ ವಿದ್ಯಾರ್ಥಿಗಳನ್ನು ಆನ್‌ಲೈನ್ ತಂಡಗಳಾಗಿ ಕಟ್ಟಿ ನಿಜವಾದ ಕಂಪನಿಗಳ ಸಮಸ್ಯೆ ಬಿಡಿಸಲು ಹಚ್ಚುತ್ತಿದೆ. ತಂಡದ ಕೆಲಸ, ಸಮಯದ ವ್ಯತ್ಯಾಸ, ಮೌನದ ಅರ್ಥ, ಇವೆಲ್ಲ ಅಲ್ಲಿಯೂ ಕಲಿಯುವಂಥವೇ. ಕಾಲುಸೇತುವೆಯ ಮೇಲಿನ ಆ ಪ್ರಶ್ನೆ ಮಾತ್ರ ಪರದೆಯ ಮೇಲೆ ಹುಟ್ಟುವುದು ಕಷ್ಟ. ಯಾಕೆಂದರೆ ಪರದೆಯಲ್ಲಿ ಕ್ಯಾಮೆರಾ ತೋರಿಸಿದ್ದನ್ನಷ್ಟೇ ನಾವು ನೋಡುತ್ತೇವೆ. ಮೂರು ರೆಸಿಡೆನ್ಸಿಗಳಿರುವ ಪದವಿಯಲ್ಲಿ ಎರಡನ್ನು ಕೈಬಿಟ್ಟು ಆ ಹಣ ಮತ್ತು ಸಮಯವನ್ನು ಉಳಿದ ಒಂದರ ಸಿದ್ಧತೆಗೆ ಹಾಕಿದರೆ ನಾನು ವಿರೋಧಿಸುವುದಿಲ್ಲ.

ಕೊನೆಯ ಪ್ರಶ್ನೆ ಒಬ್ಬ ತಂದೆಯದು. ಮಗಳು ಇಂಥ ಪದವಿಗೆ ಸೇರುತ್ತಾಳೆ, ಪುಸ್ತಿಕೆ ನೋಡಿ ಒಳ್ಳೆಯದು ಯಾವುದು, ತೋರಿಕೆಯದು ಯಾವುದು ಎಂದು ಹೇಗೆ ತಿಳಿಯುವುದು? ಪುಸ್ತಿಕೆಯನ್ನು ಪಕ್ಕಕ್ಕಿಡಿ ಎಂದೆ. ಕಳೆದ ವರ್ಷದ ರೆಸಿಡೆನ್ಸಿಯ ವೇಳಾಪಟ್ಟಿಯನ್ನು ದಿನ, ಗಂಟೆ ಸಹಿತ ಕೇಳಿ ಪಡೆಯಿರಿ. ಅದರಲ್ಲಿ ಆತಿಥೇಯ ದೇಶದ ವಿದ್ಯಾರ್ಥಿಗಳ ಜೊತೆ ಕುಳಿತು ಮಾಡಿದ ಕೆಲಸಕ್ಕೆ ಎಷ್ಟು ಗಂಟೆ ಇದೆ ನೋಡಿ. ಯಾವ ಕೆಲಸಕ್ಕೆ ಎಷ್ಟು ಅಂಕ, ಮೌಲ್ಯಮಾಪನ ಮಾಡುವವರು ಯಾರು ಎಂದು ಕೇಳಿ. ವೀಸಾ ಸಿಗದ ವಿದ್ಯಾರ್ಥಿಗೆ ಏನು ವ್ಯವಸ್ಥೆ, ಅವನ ಶುಲ್ಕ ಮರಳುತ್ತದೆಯೇ ಎಂದು ಬರಹದಲ್ಲಿ ಕೇಳಿ. ವಿಮಾನ, ವಸತಿ, ವಿಮೆ ಬೋಧನಾ ಶುಲ್ಕದೊಳಗೆ ಬರುತ್ತವೆಯೇ ಹೊರಗೇ ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ. ಸರಿಯಾಗಿ ನಡೆಸುವ ಸಂಸ್ಥೆಯವರು ಇದಕ್ಕೆಲ್ಲ ಎರಡು ದಿನದಲ್ಲಿ ಉತ್ತರ ಕಳುಹಿಸುತ್ತಾರೆ. ಉತ್ತರದ ಬದಲು ಇನ್ನೊಂದು ಪುಸ್ತಿಕೆ ಬಂದರೆ ಬೇರೆ ಕಡೆ ಅರ್ಜಿ ಹಾಕಿಸಿ.